ತೋಟ ಸುತ್ತಿದರೆ ಸಾಕಾ, ಭಾರವೂ ಎತ್ತಬೇಕಾ? ಸ್ನಾಯು ಬಿಡುವ ಹಾರ್ಮೋನುಗಳ ಬಗ್ಗೆ ಒಂದು ಚರ್ಚೆ

ಕಾಫಿಕಣ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಅರವತ್ತು ದಾಟಿದೆ. ಶುಗರ್ ಇದೆ, ಮಾತ್ರೆ ನಡೆಯುತ್ತಿದೆ. ಡಾಕ್ಟರು ಪ್ರತಿ ಸಲ "ವ್ಯಾಯಾಮ ಮಾಡಿ" ಅಂತಾರೆ. ಅಪ್ಪ ಪ್ರತಿ ಸಲ "ಬೆಳಗ್ಗೆಯಿಂದ ತೋಟ ಸುತ್ತುತ್ತೇನಲ್ಲ, ಇನ್ನೆಂಥ ವ್ಯಾಯಾಮ" ಅಂತಾರೆ. ಸುತ್ತುವುದು ನಿಜ. ಆದರೆ ನಾಲ್ಕು ಹೆಜ್ಜೆ ಹಾಕುತ್ತಾರೆ, ನಿಂತು ಕೆಲಸದವರ ಹತ್ತಿರ ಮಾತಾಡುತ್ತಾರೆ, ಮತ್ತೆ ನಾಲ್ಕು ಹೆಜ್ಜೆ. ಮಧ್ಯೆ ಜೀಪು ಬೇರೆ.

ಈಗ ತಮ್ಮ ಜಿಮ್ ಸೇರಿದ್ದಾನೆ. ಸ್ನಾಯುವೇ ಹಾರ್ಮೋನು ಬಿಡುತ್ತದೆ, ಓಡಿದರೆ ಒಂದು, ಭಾರ ಎತ್ತಿದರೆ ಇನ್ನೊಂದು ಅಂತ ಅಲ್ಲಿ ಯಾರೋ ಹೇಳಿದರಂತೆ. ಜೊತೆಗೆ 'ಐರಿಸಿನ್ ಹೆಚ್ಚಿಸುವ ಪುಡಿ' ಅಂತ ಒಂದು ಡಬ್ಬಿ ತೋರಿಸಿದ್ದಾರೆ. ಐರಿಸಿನ್ ಅಂದರೆ ಅಂಥದೇ ಒಂದು ಹಾರ್ಮೋನಂತೆ. ಬೆಲೆ ಕೇಳಿ ಅಪ್ಪ ನಕ್ಕುಬಿಟ್ಟರು. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉಂಬಳ

ಪುಡಿ ಯಾಕಣ್ಣ? ನಮ್ಮ ಸಿದ್ದಾಪುರ ಕಡೆ ಬೆಳಗ್ಗೆ ಆರಕ್ಕೆ ವಾಕಿಂಗ್ ಬನ್ನಿ. ಆನೆ ಅಟ್ಟಿಸಿಕೊಂಡು ಬಂದರೆ ಎಲ್ಲ ಹಾರ್ಮೋನೂ ಒಟ್ಟಿಗೆ ಬರುತ್ತವೆ, ಫ್ರೀಯಾಗಿ.

ಫಿಸಿಯೋ ಅಕ್ಕ (ವಿರಾಜಪೇಟೆ)

ಉಂಬಳ, ಆನೆ ಕಂಡಾಗ ಮೊದಲು ಏರುವುದು ಅಡ್ರಿನಲಿನ್. ಅದು ಕಿಡ್ನಿ ಮೇಲೆ ಕೂತಿರುವ ಗ್ರಂಥಿಯದ್ದು, ಸ್ನಾಯುವಿನದ್ದಲ್ಲ. ಸ್ನಾಯುವಿನ ಪಾಲು ಶುರುವಾಗುವುದು ನೀನು ಓಡಲು ಶುರು ಮಾಡಿದ ಮೇಲೆ.

ಕಾಫಿಕಣ ಅವರೇ, ತಮ್ಮ ಕೇಳಿಸಿಕೊಂಡ ಮೂಲ ಮಾತು ನಿಜ. ಕೆಲಸ ಮಾಡುವ ಸ್ನಾಯು ಕೆಲವು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಲಿವರ್, ಕೊಬ್ಬು, ಮಿದುಳಿನ ತನಕ ಕೆಲಸ ಮಾಡುತ್ತವೆ. ಇವನ್ನು ಮಯೋಕೈನ್ ಅನ್ನುತ್ತಾರೆ. 2003ರಲ್ಲಿ ಕೋಪನ್‌ಹೇಗನ್ನಿನ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ತಂಡ ಇಟ್ಟ ಹೆಸರು ಅದು. ಅದಕ್ಕೂ ಮೊದಲು, 2000ದಲ್ಲಿ, ಅದೇ ಊರಿನಲ್ಲಿ ಒಂದು ಪ್ರಯೋಗ ನಡೆದಿತ್ತು. ನನಗೆ ತುಂಬಾ ಇಷ್ಟವಾದ ಪ್ರಯೋಗ. ಆರು ಜನ ಗಂಡಸರನ್ನು ಕೂರಿಸಿ, ಒಂದೇ ಕಾಲಿನ ಮಂಡಿಯನ್ನು ಐದು ಗಂಟೆ ಮಡಿಸಿ ಚಾಚುವ ಕೆಲಸ ಕೊಟ್ಟರು. ಇನ್ನೊಂದು ಕಾಲು ಸುಮ್ಮನೆ. ಎರಡೂ ಕಾಲಿನ ರಕ್ತ ಪರೀಕ್ಷೆ ಮಾಡಿದರು. ದುಡಿದ ಕಾಲಿನಿಂದ ಇಂಟರ್‌ಲ್ಯೂಕಿನ್-6 (ಐಎಲ್-6) ಎಂಬ ಪ್ರೋಟೀನು ಹೊರಗೆ ಬರುತ್ತಿತ್ತು. ಸುಮ್ಮನಿದ್ದ ಕಾಲಿನಿಂದ ಇಲ್ಲ. ಒಂದೇ ಮೈ, ಒಂದೇ ರಕ್ತ. ಅಲ್ಲಿಗೆ ಅದು ಸ್ನಾಯುವಿನಿಂದಲೇ ಬರುತ್ತದೆ ಅನ್ನುವುದು ಖಚಿತವಾಯಿತು.

ಈ ಐಎಲ್-6 ಎಷ್ಟು ಬರುತ್ತದೆ ಅನ್ನುವುದು ಎಷ್ಟು ಹೊತ್ತು, ಎಷ್ಟು ಜೋರಾಗಿ, ಎಷ್ಟು ದೊಡ್ಡ ಸ್ನಾಯು ದುಡಿಯಿತು ಅನ್ನುವುದರ ಮೇಲೆ. ಹಾಗಾಗಿ ತೋಳಿಗಿಂತ ತೊಡೆ ಮೇಲು. ಮ್ಯಾರಥಾನ್ ಓಡಿದವರ ರಕ್ತದಲ್ಲಿ ಇದು ನೂರು ಪಟ್ಟಿನ ತನಕ ಏರಬಹುದು. ಸ್ನಾಯುವಿನೊಳಗಿನ ಸಕ್ಕರೆ ದಾಸ್ತಾನು, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತಾ ಬಂದಷ್ಟೂ ಜಾಸ್ತಿ ಬರುತ್ತದೆ. ಆಗ ಅದು ಲಿವರಿನಿಂದ ಸಕ್ಕರೆ, ಕೊಬ್ಬಿನಿಂದ ಇಂಧನ ತರಿಸಲು ನೆರವಾಗುತ್ತದೆ. ಜಿಮ್ಮಿನಲ್ಲಿ ಹತ್ತು ಸಲ ಡಂಬೆಲ್ ಎತ್ತಿ ಫೋನ್ ನೋಡುತ್ತಾ ಕೂತರೆ ಇಷ್ಟು ಏರುವುದಿಲ್ಲ.

ಜಿಮ್ ಹುಡುಗ (ಕುಶಾಲನಗರ)

ಅಕ್ಕ, ಒಂದು ಡೌಟು. ಇಂಟರ್‌ಲ್ಯೂಕಿನ್-6 ಅಂದರೆ ಉರಿಯೂತದ್ದು ಅಲ್ವಾ? ಕೋವಿಡ್ ಟೈಮಲ್ಲಿ ಆಸ್ಪತ್ರೆಯಲ್ಲಿ ಇದನ್ನೇ ಟೆಸ್ಟ್ ಮಾಡಿಸುತ್ತಿದ್ದರು. ಜಾಸ್ತಿ ಇದ್ದರೆ ಅಪಾಯ ಅಂತಿದ್ದರು. ಈಗ ನೀವು ಒಳ್ಳೆಯದು ಅಂತೀರಿ.

ಫಿಸಿಯೋ ಅಕ್ಕ (ವಿರಾಜಪೇಟೆ)

ಸರಿಯಾದ ಪ್ರಶ್ನೆ. ತೋಟದವರಿಗೆ ಬೇಗ ಅರ್ಥವಾಗುತ್ತದೆ. ಮಾರ್ಚ್‌ನಲ್ಲಿ ಮಳೆ ಒಂದು ದಿನ ಬಿದ್ದು ನಿಂತರೆ ಅದು ಕಾಫಿ ಹೂ ಅರಳಿಸುವ ಹೂಮಳೆ, ಆ ವರ್ಷದ ಫಸಲು ಅದರ ಮೇಲೆ ನಿಂತಿದೆ. ಅದೇ ನೀರು ಆಗಸ್ಟ್‌ನಲ್ಲಿ ಬಿಡದೆ ಸುರಿದರೆ ಕೊಳೆರೋಗ, ಕಾಯಿ ಉದುರುತ್ತದೆ.

ವ್ಯಾಯಾಮ ಮಾಡುವಾಗ ಐಎಲ್-6 ಏರುತ್ತದೆ, ನಿಲ್ಲಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಹಿಂದೆಯೇ ಐಎಲ್-10 ಏರುತ್ತದೆ, ಅದು ಉರಿಯೂತ ತಗ್ಗಿಸುವ ಜಾತಿ. ಹೊಟ್ಟೆ ಬೊಜ್ಜು ಇರುವವರಲ್ಲಿ ಐಎಲ್-6 ಸ್ವಲ್ಪ ಮಟ್ಟಕ್ಕೆ ಏರಿ ಹಗಲೂ ರಾತ್ರಿ ಅಲ್ಲೇ ನಿಂತಿರುತ್ತದೆ. ಜೊತೆಗೆ ಉರಿಯೂತದ ಇತರ ಪ್ರೋಟೀನುಗಳೂ ಇರುತ್ತವೆ. ತೊಂದರೆ ಅಲ್ಲಿದೆ. ಕೋವಿಡ್‌ನಲ್ಲಿ ನೋಡುತ್ತಿದ್ದದ್ದು ಸೋಂಕಿಗೆ ಕೆರಳಿದ ರೋಗನಿರೋಧಕ ವ್ಯವಸ್ಥೆಯದ್ದು, ಅದು ಬೇರೆಯೇ ಸಂಗತಿ.

2019ರ ಡೆನ್ಮಾರ್ಕ್ ಪ್ರಯೋಗವೊಂದು ಇದಕ್ಕೆ ಪುರಾವೆ ಕೊಡುತ್ತದೆ. ಹೊಟ್ಟೆ ಬೊಜ್ಜಿರುವವರಿಗೆ 12 ವಾರ ಸೈಕಲ್ ತುಳಿಸಿದರು. ಕೆಲವರಿಗೆ ಟೊಸಿಲಿಜುಮಾಬ್ ಕೊಟ್ಟರು. ಸಂಧಿವಾತಕ್ಕೆ ಕೊಡುವ ಔಷಧಿ ಅದು, ಐಎಲ್-6 ಕೆಲಸ ಮಾಡದ ಹಾಗೆ ತಡೆಯುತ್ತದೆ. ಔಷಧಿ ಇಲ್ಲದೆ ತುಳಿದವರ ಹೊಟ್ಟೆಯೊಳಗಿನ ಕೊಬ್ಬು ಕರಗಿತು. ಔಷಧಿ ತೆಗೆದುಕೊಂಡು ತುಳಿದವರದ್ದು ಕರಗಲಿಲ್ಲ.

ಜಿಮ್ ಹುಡುಗ (ಕುಶಾಲನಗರ)

ಸರಿ ಒಪ್ಪಿದೆ. ಆದರೆ ಭಾರ ಎತ್ತುವುದನ್ನು ತಳ್ಳಿಹಾಕಬೇಡಿ ಅಕ್ಕ. ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಹೊಡೆದರೆ ಟೆಸ್ಟೋಸ್ಟಿರಾನ್ ಏರುತ್ತದೆ, ಅದರಿಂದ ಮಾಂಸಖಂಡ ಬರುತ್ತದೆ. ನಮ್ಮಲ್ಲಿ ಎಲ್ಲರೂ ಹೇಳುವುದು ಇದೇ.

ಫಿಸಿಯೋ ಅಕ್ಕ (ವಿರಾಜಪೇಟೆ)

ಟೆಸ್ಟೋಸ್ಟಿರಾನ್ ಸ್ನಾಯುವಿನ ಹಾರ್ಮೋನಲ್ಲ. ಸ್ಕ್ವಾಟ್ ಮಾಡಿದ ಮೇಲೆ ಸ್ವಲ್ಪ ಏರುವುದು ನಿಜ, ಬೇಗ ಇಳಿದೂಬಿಡುತ್ತದೆ. ಆ ಚಿಕ್ಕ ಏರಿಕೆ ನೋಡಿ ಯಾರ ಮಾಂಸಖಂಡ ಎಷ್ಟು ಬೆಳೆಯುತ್ತದೆ ಅಂತ ಹೇಳಲು ಬರುವುದಿಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಭಾರದ ವಿಷಯದಲ್ಲಿ ನಿಜಕ್ಕೂ ನೋಡಬೇಕಾದ್ದು ಮಯೋಸ್ಟಾಟಿನ್. ಇದೂ ಸ್ನಾಯುವೇ ಬಿಡುವ ಪ್ರೋಟೀನು. ಆದರೆ ಇದರ ಕೆಲಸ ಸ್ನಾಯು ಬೆಳೆಯದ ಹಾಗೆ ತಡೆಯುವುದು! 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸೆ-ಜಿನ್ ಲೀ ತಂಡ ಇಲಿಗಳಲ್ಲಿ ಈ ಜೀನನ್ನು ತೆಗೆದುಹಾಕಿತು. ಇಲಿಯ ಸ್ನಾಯುಗಳು ಎರಡು ಮೂರು ಪಟ್ಟು ದಪ್ಪವಾದವು. ಬೆಲ್ಜಿಯನ್ ಬ್ಲೂ ಅಂತ ಒಂದು ದನದ ತಳಿ ಇದೆ, ಫೋಟೋ ಹುಡುಕಿ ನೋಡಿ. ಅದರಲ್ಲಿ ಈ ಜೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಭಾರದ ವ್ಯಾಯಾಮ ಮಾಡಿದ ನಂತರ ನಮ್ಮ ಸ್ನಾಯುವಿನೊಳಗೆ ಈ ಜೀನಿನ ಚಟುವಟಿಕೆ ತಗ್ಗುತ್ತದೆ. ಬಿಗಿ ಹಿಡಿದ ಬ್ರೇಕು ಸ್ವಲ್ಪ ಸಡಿಲ. ಐಎಲ್-15 ಅಂತ ಇನ್ನೊಂದಿದೆ, ಅದನ್ನೂ ಭಾರದ ಪಟ್ಟಿಗೆ ಸೇರಿಸುತ್ತಾರೆ. ಅದರ ಕಥೆ ಇನ್ನೂ ಇಷ್ಟು ಸ್ಪಷ್ಟವಾಗಿಲ್ಲ.

ಕಾಫಿಕಣ ಅವರ ಅಪ್ಪನಿಗೆ ಇದು ಯಾಕೆ ಮುಖ್ಯ? ವಯಸ್ಸಾದಂತೆ ಸ್ನಾಯು ಕರಗುತ್ತದೆ, ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಊಟ ಮಾಡಿದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುವಿಗೇ. ಸ್ನಾಯು ಕಡಿಮೆಯಾದರೆ ಸಕ್ಕರೆ ಇಡಲು ಜಾಗವೂ ಕಡಿಮೆ.

ಹಾಕಿಮಾವ (ನಾಪೋಕ್ಲು)

ನೀವೆಲ್ಲ ಓಟ ಬೇರೆ, ಭಾರ ಬೇರೆ ಅಂತ ಭಾಗ ಮಾಡುತ್ತಿದ್ದೀರಿ. ಹಾಕಿ ಎಲ್ಲಿಗೆ ಸೇರುತ್ತದೆ ಮಗಳೇ? ಕರಡದಲ್ಲಿ 1997ರಲ್ಲಿ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಮೊಮ್ಮಗ, ಸೊಸೆ, ಅಜ್ಜ ಎಲ್ಲರೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ವರ್ಷವಿಡೀ ಕುರ್ಚಿಯಲ್ಲಿ ಕೂತವರೂ ಬೆಂಗಳೂರಿನಿಂದ ಓಡಿಬಂದು ಆಡುತ್ತಾರೆ. ಮರುದಿನ ಮೆಟ್ಟಿಲು ಇಳಿಯುವಾಗ ನೋಡಬೇಕು ಅವರ ಅವಸ್ಥೆ.

ಇನ್ನೊಂದು ವಿಷಯ. ಜೋರಾಗಿ ಆಡಿ ಬಂದರೆ ಹಸಿವೇ ಆಗುವುದಿಲ್ಲ. ಎದುರಿಗೆ ಪಂದಿ ಕರಿ, ಕಡಂಬುಟ್ಟು ಇಟ್ಟರೂ ಅರ್ಧ ಗಂಟೆ ಬೇಡ ಅನ್ನಿಸುತ್ತದೆ. ಅದೇ ತೋಟದಲ್ಲಿ ನಿಧಾನ ನಡೆದು ಬಂದರೆ ಹೊಟ್ಟೆ ಚುರುಗುಟ್ಟುತ್ತದೆ. ಇದಕ್ಕೂ ಹಾರ್ಮೋನಾ?

ಫಿಸಿಯೋ ಅಕ್ಕ (ವಿರಾಜಪೇಟೆ)

ಮಾವ, ನಿಮ್ಮ ಪ್ರಶ್ನೆ ಕೇಳಿ ಖುಷಿಯಾಯಿತು. 2022ರಲ್ಲಿ ಇದಕ್ಕೆ ಒಂದು ಉತ್ತರದ ತುದಿ ಸಿಕ್ಕಿದೆ. ಜೋರಾಗಿ ಓಡಿದಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹುಟ್ಟುತ್ತದಲ್ಲ, ಅದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಜೊತೆ ಕೂಡಿಕೊಂಡು 'ಲ್ಯಾಕ್-ಫೆ' ಆಗುತ್ತದೆ. ಇದು ಪ್ರೋಟೀನಲ್ಲ, ಸ್ನಾಯುವೊಂದೇ ಮಾಡುವುದೂ ಅಲ್ಲ. ಆದರೆ ಕಚ್ಚಾ ಮಾಲು ಸ್ನಾಯುವಿನದ್ದು. ದಪ್ಪ ಇಲಿಗಳಿಗೆ ಇದನ್ನು ಚುಚ್ಚಿದಾಗ ಅವು ತಿನ್ನುವುದು ಕಡಿಮೆ ಮಾಡಿದವು. ರೇಸ್ ಕುದುರೆಗಳಲ್ಲೂ ಓಟದ ನಂತರ ಇದು ಏರಿತ್ತು. ಮನುಷ್ಯರಲ್ಲಿ ಅಳೆದಾಗ ಎಲ್ಲಕ್ಕಿಂತ ಜಾಸ್ತಿ ಏರಿದ್ದು ಚಿಕ್ಕ ಜೋರು ಓಟದಲ್ಲಿ. ಆಮೇಲೆ ಭಾರ ಎತ್ತುವುದರಲ್ಲಿ. ಕೊನೆಗೆ ನಿಧಾನದ ದೀರ್ಘ ವ್ಯಾಯಾಮದಲ್ಲಿ. ಐಎಲ್-6 ವಿಷಯದಲ್ಲಿ ಗೆದ್ದದ್ದು ದೀರ್ಘ ವ್ಯಾಯಾಮ, ಇಲ್ಲಿ ಅದೇ ಕೊನೆಗೆ. ಅದಕ್ಕೇ ಯಾವುದು 'ಬೆಸ್ಟ್' ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಹಾಕಿಯಲ್ಲಿ ಎರಡೂ ಇದೆ. ಸ್ವಲ್ಪ ಜೋರು ಓಟ, ಸ್ವಲ್ಪ ನಡಿಗೆ, ಬಗ್ಗುವುದು, ತಟ್ಟನೆ ನಿಲ್ಲುವುದು, ಮತ್ತೆ ಓಟ. ಕೆಸರುಗದ್ದೆ ಓಟವೂ ಅಷ್ಟೇ, ಕೆಸರಿನಿಂದ ಕಾಲು ಕೀಳುವುದೇ ಒಂದು ಭಾರ. ತೊಂದರೆ ಏನೆಂದರೆ ವರ್ಷಕ್ಕೊಮ್ಮೆ ಮಾತ್ರ ಆಡುವುದು. ನಲವತ್ತು ದಾಟಿ, ಶುಗರ್ ಬಿಪಿ ಇದ್ದು, ತಯಾರಿ ಇಲ್ಲದೆ ನೇರ ಮೈದಾನಕ್ಕೆ ಇಳಿಯಬೇಡಿ. ಒಂದೆರಡು ತಿಂಗಳು ಮುಂಚೆ ಶುರು ಮಾಡಿ.

ಉಂಬಳ

ರೋಹನ್ ಬೋಪಣ್ಣ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, 2024ರಲ್ಲಿ. ಮಾವನಿಗೂ ಇನ್ನೂ ಟೈಮ್ ಇದೆ.

ಹಾಕಿಮಾವ (ನಾಪೋಕ್ಲು)

43 ನನಗೆ ಯಾವ ಕಾಲದಲ್ಲಿ ಆಗಿತ್ತೋ ಮಾರಾಯ.

ಲೈನ್‌ಮನೆ ಹುಡುಗಿ

ಎಲ್ಲ ಓದಿದೆ. ನನ್ನದೊಂದು ಪ್ರಶ್ನೆ, ಸ್ವಲ್ಪ ಕಹಿ ಅನ್ನಿಸಬಹುದು. ನಮ್ಮಮ್ಮ ಚಿಕ್ಕಂದಿನಿಂದ ತೋಟದ ಕೆಲಸ. ಕಾಫಿ ಕುಯ್ಲಿನಲ್ಲಿ ಬೆಳಗ್ಗೆಯಿಂದ ಸಂಜೆ ತನಕ ನಿಂತೇ ಇರುತ್ತಾರೆ, ಆಮೇಲೆ ಮೂಟೆ ಹೊತ್ತು ಇಳಿಜಾರಿನಲ್ಲಿ ಕಣಕ್ಕೆ ಬರುತ್ತಾರೆ. ಮಳೆಗಾಲದಲ್ಲಿ ತೋಟದ ಕಾಡು (ಕಳೆ) ಕೊಚ್ಚುವುದು. ನೀವು ಹೇಳುವ ನಡಿಗೆ ಇದೆ, ಏರು ಇದೆ, ಭಾರ ಇದೆ. ಹಾಗಿದ್ದರೆ ಈ ಎಲ್ಲ ಒಳ್ಳೆ ಹಾರ್ಮೋನು ಅವರಿಗೇ ಮೊದಲು ಬರಬೇಕಿತ್ತು. ಅವರಿಗೆ ಬಂದಿದ್ದು ಬಿಪಿ ಮತ್ತು ಸೊಂಟನೋವು. ನಾನು ನರ್ಸಿಂಗ್ ಓದುತ್ತಿದ್ದೇನೆ, ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

ಫಿಸಿಯೋ ಅಕ್ಕ (ವಿರಾಜಪೇಟೆ)

ಕಹಿ ಏನಿಲ್ಲಮ್ಮ. ಇಡೀ ಚರ್ಚೆಯಲ್ಲಿ ಬಂದ ಅತಿ ಗಟ್ಟಿ ಪ್ರಶ್ನೆ ಇದು. ಡೆನ್ಮಾರ್ಕಿನ ಸಂಶೋಧಕರು ಇದನ್ನೇ ಬಹಳ ವರ್ಷಗಳಿಂದ ಕೆದಕುತ್ತಿದ್ದಾರೆ. ಬಿಡುವಿನಲ್ಲಿ ಮೈ ದಂಡಿಸುವವರ ಹೃದಯಕ್ಕೆ ಒಳ್ಳೆಯದಾಗುತ್ತದೆ, ಆದರೆ ದುಡಿಮೆಯಲ್ಲಿ ಮೈ ದಂಡಿಸುವವರಿಗೆ ಆ ಲಾಭ ಕಾಣುವುದಿಲ್ಲ, ಕೆಲವು ಕಡೆ ನಷ್ಟವೇ ಕಾಣುತ್ತದೆ. ಬಡತನ, ಬೀಡಿ, ಊಟದ ಲೆಕ್ಕವನ್ನು ಬದಿಗಿಟ್ಟು ನೋಡಿದರೂ ಎಷ್ಟೋ ಅಧ್ಯಯನಗಳಲ್ಲಿ ಇದೇ ಬಂದಿದೆ. ಒಪ್ಪದವರೂ ಇದ್ದಾರೆ, ವಾದ ಮುಗಿದಿಲ್ಲ.

ಅವರು ಕೊಡುವ ಕಾರಣ ನನಗೆ ಸರಿ ಅನ್ನಿಸುತ್ತದೆ. ದುಡಿಮೆಯ ಶ್ರಮ ಎಂಟು ಗಂಟೆ ಎಳೆಯುತ್ತದೆ, ಆದರೆ ಎದೆಬಡಿತ ಚೆನ್ನಾಗಿ ಏರುವಷ್ಟು ಜೋರಿರುವುದಿಲ್ಲ. ಭಾರ ಹೊತ್ತು ನಿಲ್ಲುವುದು, ಕೈ ಮೇಲೆತ್ತಿ ಕುಯ್ಯುವುದು ಬಿಪಿ ಏರಿಸುತ್ತದೆ. ಮುಖ್ಯವಾಗಿ ಚೇತರಿಸಿಕೊಳ್ಳಲು ಸಮಯ ಸಿಗುವುದಿಲ್ಲ, ನಾಳೆ ಮತ್ತೆ ಅದೇ. ಏರಿದ್ದು ಇಳಿಯಬೇಕು ಅಂದೆನಲ್ಲ. ನಿಮ್ಮಮ್ಮನಿಗೆ ಇಳಿಯಲು ಬಿಡುವೇ ಇಲ್ಲ. ಕುಯ್ಲಿನ ದಿನದಲ್ಲಿ ಅವರಿಗೆ ಇನ್ನಷ್ಟು ವ್ಯಾಯಾಮ ಹೇಳುವುದು ತಪ್ಪು. ಮಧ್ಯೆ ಕೂರಲು ಸಮಯ, ಚಿಕ್ಕ ಮೂಟೆ, ಹೊರಲು ಇನ್ನೊಬ್ಬರು, ಬಿಪಿ ಮಾತ್ರೆ ತಪ್ಪದೆ. ಇವು ಬೇಕು.

ಲೈನ್‌ಮನೆ ಹುಡುಗಿ

ಥ್ಯಾಂಕ್ಸ್ ಅಕ್ಕ. ಚಿಕ್ಕ ಮೂಟೆಯ ಮಾತು ಈ ಚರ್ಚೆಯಲ್ಲಿರುವ ತೋಟದ ಮಾಲೀಕರೂ ಓದಲಿ.

ಮೆಣಸುಬಳ್ಳಿ (ಪೊನ್ನಂಪೇಟೆ)

ಓದಿದೆ. ನಮ್ಮಲ್ಲಿ ಕಣದ ತನಕ ಗಾಡಿ ಹೋಗುವ ಹಾದಿ ಮಾಡಿಸಿದ ಮೇಲೆ ಹೊರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಖರ್ಚು ಬಂತು, ಆದರೆ ಕೆಲಸದವರು ಬೇರೆ ತೋಟಕ್ಕೆ ಹೋಗುವುದೂ ನಿಂತಿತು.

ನನ್ನ ಪ್ರಶ್ನೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಯಾರು ವಾಕಿಂಗ್ ಹೋಗುತ್ತಾರೆ? ಕೊಡೆ ನಿಲ್ಲುವುದಿಲ್ಲ, ರಕ್ತ ಹೀರುವ ಉಂಬಳ ಬಿಡುವುದಿಲ್ಲ (ಇಲ್ಲಿರುವ ಉಂಬಳ ಅಲ್ಲ). ನಾಲ್ಕು ತಿಂಗಳು ಒಲೆ ಪಕ್ಕ ಕೂತು ಹುರಿದ ಹಲಸಿನ ಬೀಜ ತಿಂದರೆ ಎಷ್ಟು ನಷ್ಟ?

ಫಿಸಿಯೋ ಅಕ್ಕ (ವಿರಾಜಪೇಟೆ)

ನಾಲ್ಕು ತಿಂಗಳು ಬೇಡ ಅಕ್ಕ, ಎರಡು ವಾರ ಸಾಕು. ಪೆಡರ್ಸನ್ ತಂಡವೇ 2008ರಲ್ಲಿ ಇದನ್ನು ನೋಡಿತ್ತು. ದಿನಕ್ಕೆ ಹತ್ತು ಸಾವಿರದಷ್ಟು ಹೆಜ್ಜೆ ಹಾಕುತ್ತಿದ್ದ ಆರೋಗ್ಯವಂತ ಹುಡುಗರಿಗೆ ಸುಮಾರು 1500 ಹೆಜ್ಜೆಗೆ ಇಳಿಸಿ ಅಂದರು. ಲಿಫ್ಟು, ಕಾರು, ಸೋಫಾ. ಎರಡು ವಾರದಲ್ಲಿ ಅವರ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿತು. ಅಷ್ಟೇ ಸಕ್ಕರೆಯನ್ನು ನಿಭಾಯಿಸಲು ಮೈ ಮೊದಲಿಗಿಂತ ಜಾಸ್ತಿ ಇನ್ಸುಲಿನ್ ಬಿಡಬೇಕಾಯಿತು. ಅವರಿನ್ನೂ ಹುಡುಗರು!

ಮಳೆಗಾಲಕ್ಕೆ ಮನೆಯೊಳಗೇ ದಾರಿ ಇದೆ. ಜಗಲಿ ಉದ್ದಕ್ಕೆ ನಡೆಯಿರಿ, ಅಟ್ಟದ ಮೆಟ್ಟಿಲು ಹತ್ತಿಳಿಯಿರಿ. ಹಲಸಿನ ಬೀಜ ಬಿಡಬೇಕಿಲ್ಲ, ತಿಂದ ಮೇಲೆ ಹತ್ತು ನಿಮಿಷ ಎದ್ದು ಓಡಾಡಿ. ದುಡಿಯುವ ಸ್ನಾಯು ಇನ್ಸುಲಿನ್ ಹೇಳದಿದ್ದರೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಶುಗರ್ ಇರುವವರಿಗೆ ಮಯೋಕೈನ್‌ಗಳ ಲೆಕ್ಕಕ್ಕಿಂತ ಇದೇ ನೇರ ಉಪಯೋಗ ಅಂತ ನನಗನ್ನಿಸುತ್ತದೆ.

ಮೆಣಸುಬಳ್ಳಿ (ಪೊನ್ನಂಪೇಟೆ)

ಏರು ಹತ್ತುವುದು ಒಳ್ಳೆಯದೋ, ಇಳಿಯುವುದೋ? ಅಕ್ಕನ ಮಗ ತಡಿಯಂಡಮೋಳ್ ಬೆಟ್ಟ ಹತ್ತಿ ಬಂದ. ಹತ್ತುವಾಗ ಏದುಸಿರು, ಇಳಿಯುವಾಗ ಆರಾಮ. ಆದರೆ ಮಾರನೇ ದಿನ ತೊಡೆ ಹಿಡಿದುಕೊಂಡು ಕೂತಿದ್ದ.

ಫಿಸಿಯೋ ಅಕ್ಕ (ವಿರಾಜಪೇಟೆ)

ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯುತ್ತದೆ. ಆಗ ಎಳೆಗಳಲ್ಲಿ ಸಣ್ಣ ಹರುಕು ಆಗುತ್ತದೆ. ನೋವು ಆಗಲೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಹೆದರಬೇಕಿಲ್ಲ, ಮುಂದಿನ ಸಲ ಇಷ್ಟು ನೋಯುವುದಿಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ.

ಆಸ್ಟ್ರಿಯಾದ ಆಲ್ಪ್ಸ್ ಬೆಟ್ಟದಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಎರಡು ತಿಂಗಳು ನಡೆದು ಹತ್ತಿ ಕೇಬಲ್ ಕಾರಲ್ಲಿ ಇಳಿಯುವುದು, ಇನ್ನೆರಡು ತಿಂಗಳು ಕೇಬಲ್ ಕಾರಲ್ಲಿ ಹತ್ತಿ ನಡೆದು ಇಳಿಯುವುದು. ಹತ್ತಿದಾಗ ರಕ್ತದ ಟ್ರೈಗ್ಲಿಸರೈಡ್ ಕೊಬ್ಬು ಸುಧಾರಿಸಿತು. ಇಳಿದಾಗ ಸಕ್ಕರೆ ನಿಭಾಯಿಸುವ ಶಕ್ತಿ ಸುಧಾರಿಸಿತು. ಕೆಟ್ಟ ಕೊಲೆಸ್ಟ್ರಾಲ್ ಎರಡರಲ್ಲೂ ಇಳಿಯಿತು. ಕೊಡಗಿನವರಿಗೆ ಕೇಬಲ್ ಕಾರಿಲ್ಲ, ಹತ್ತಿದವರು ಇಳಿಯಲೇಬೇಕು, ಎರಡೂ ಲಾಭ. ಮಂಡಿ ಸವೆದವರು ಮಾತ್ರ ಇಳಿಜಾರಿನಲ್ಲಿ ಕೋಲು ಹಿಡಿಯಿರಿ.

ಕಾಫಿಕಣ (ಸುಂಟಿಕೊಪ್ಪ)

ಅಕ್ಕ, ಪುಡಿಯ ವಿಷಯ ಉಳಿಯಿತು. ತಮ್ಮ ದುಡ್ಡು ಎತ್ತಿಟ್ಟುಕೊಂಡು ಕೂತಿದ್ದಾನೆ.

ಫಿಸಿಯೋ ಅಕ್ಕ (ವಿರಾಜಪೇಟೆ)

ಆ ದುಡ್ಡಿಗೆ ಒಳ್ಳೆ ಶೂ ತೆಗೆದುಕೊಳ್ಳಲಿ.

ಐರಿಸಿನ್ ಸುದ್ದಿಯಾದದ್ದು 2012ರಲ್ಲಿ, ಹಾರ್ವರ್ಡ್‌ನ ಬ್ರೂಸ್ ಸ್ಪೀಗಲ್‌ಮನ್ ತಂಡದಿಂದ. ಇಲಿಗಳಲ್ಲಿ ಇದು ಬಿಳಿ ಕೊಬ್ಬನ್ನು ಇಂಧನ ಸುಟ್ಟು ಶಾಖ ಕೊಡುವ ಕಂದು ಕೊಬ್ಬಿನ ಕಡೆ ತಿರುಗಿಸಿತ್ತು. ಜಗತ್ತೆಲ್ಲ ಕುಣಿಯಿತು. ಆಮೇಲೆ ಜಗಳ ಶುರುವಾಯಿತು. ಅಳೆಯಲು ಬಳಸಿದ ಕಿಟ್‌ಗಳು ಬೇರೆ ಪ್ರೋಟೀನುಗಳನ್ನೂ ಐರಿಸಿನ್ ಅಂತ ತೋರಿಸುತ್ತಿವೆ ಅಂತ ಒಂದು ಗುಂಪು 2015ರಲ್ಲಿ ಹೇಳಿತು. ಅದೇ ವರ್ಷ ಸ್ಪೀಗಲ್‌ಮನ್ ತಂಡ ಇನ್ನೂ ನಿಖರವಾದ ವಿಧಾನದಲ್ಲಿ ಅಳೆದು, ಮನುಷ್ಯರ ರಕ್ತದಲ್ಲಿ ಅದು ಇದೆ ಅಂತ ತೋರಿಸಿತು. ವ್ಯಾಯಾಮ ಮಾಡುವವರಲ್ಲಿ ಸ್ವಲ್ಪವೇ ಜಾಸ್ತಿ, ಮಿಲಿಲೀಟರಿಗೆ ಸುಮಾರು 3.6 ನ್ಯಾನೋಗ್ರಾಂ ಇದ್ದದ್ದು 4.3.

ಇನ್ನು ಪುಡಿ. ಐರಿಸಿನ್ ಒಂದು ಪ್ರೋಟೀನು. ಬಾಯಲ್ಲಿ ನುಂಗಿದರೆ ಹೊಟ್ಟೆ ಅದನ್ನು ಮೊಟ್ಟೆ, ಬೇಳೆ ಜೀರ್ಣಿಸಿದಂತೆಯೇ ಚೂರು ಮಾಡುತ್ತದೆ. ಇನ್ಸುಲಿನ್ನೂ ಪ್ರೋಟೀನೇ, ಅದಕ್ಕೇ ಚುಚ್ಚಿಕೊಳ್ಳುವುದು. 'ಹೆಚ್ಚಿಸುವ' ಪುಡಿ ಅಂತ ಬರೆದಿದ್ದರೆ ಯಾರಲ್ಲಿ ಅಳೆದರು, ಯಾವ ವಿಧಾನದಲ್ಲಿ ಅಳೆದರು ಅಂತ ಕೇಳಲಿ.

ಜಿಮ್ ಹುಡುಗ (ಕುಶಾಲನಗರ)

ನಮ್ಮ ಜಿಮ್ಮಲ್ಲಿ ಆ ಪುಡಿ ಮಾರುವುದಿಲ್ಲ ಅಂತ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಮೆಣಸುಬಳ್ಳಿ (ಪೊನ್ನಂಪೇಟೆ)

ಅತ್ತೆಗೆ ಮರೆವು ಶುರುವಾಗಿದೆ. ಮಿದುಳಿಗೂ ಸ್ನಾಯುವಿನ ಹಾರ್ಮೋನು ಹೋಗುತ್ತದೆ ಅಂದಿರಲ್ಲ?

ಫಿಸಿಯೋ ಅಕ್ಕ (ವಿರಾಜಪೇಟೆ)

ಸ್ನಾಯು ಬಿಡುವ ಕೆಥೆಪ್ಸಿನ್-ಬಿ ಎಂಬ ಪ್ರೋಟೀನನ್ನು ಓಟದ ಜೊತೆ ಗುರುತಿಸಿದ್ದಾರೆ. ನರಕೋಶಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ ಅಂತ ಇನ್ನೊಂದು ಪ್ರೋಟೀನಿದೆ, ಆದರೆ ಸ್ನಾಯುವಿನ ಬಿಡಿಎನ್‌ಎಫ್ ಹೆಚ್ಚಾಗಿ ಸ್ನಾಯುವಿನಲ್ಲೇ ಉಳಿಯುತ್ತದೆ, ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. 2011ರಲ್ಲಿ 120 ವಯಸ್ಸಾದವರ ಮೇಲೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ವರ್ಷ ಚುರುಕಾಗಿ ನಡೆದವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಶೇ. 2ರಷ್ಟು ಬೆಳೆದಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಸ್ವಲ್ಪ ಕುಗ್ಗಿತ್ತು. ಅವರು ಮರೆವಿನ ಕಾಯಿಲೆ ಇಲ್ಲದವರು. ಅತ್ತೆಯನ್ನು ಮೊದಲು ಡಾಕ್ಟರ ಹತ್ತಿರ ತೋರಿಸಿ. ಬಿ12, ಥೈರಾಯ್ಡ್ ಕಡಿಮೆ ಇದ್ದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಕಾಫಿಕಣ (ಸುಂಟಿಕೊಪ್ಪ)

ಅಪ್ಪನಿಗೆ ಓದಿ ಹೇಳಿದೆ. ಆಲ್ಪ್ಸ್ ಕಥೆ ಇಷ್ಟವಾಯಿತು, ಕಾಲಿನ ಪ್ರಯೋಗ ಕೇಳಿ "ಐದು ಗಂಟೆ ಒಂದೇ ಕಾಲಾ, ಸಂಬಳ ಎಷ್ಟಂತೆ?" ಅಂದರು. ಊಟದ ನಂತರ ನಡೆಯಲು ಒಪ್ಪಿದ್ದಾರೆ. ಭಾರ ಮಾತ್ರ ಬೇಡವಂತೆ. ಅಷ್ಟಕ್ಕೇ ಬಿಟ್ಟರೆ ಸಾಕಾ?

ಫಿಸಿಯೋ ಅಕ್ಕ (ವಿರಾಜಪೇಟೆ)

ನಡಿಗೆಯಿಂದ ಶುರುವಾಗಲಿ, ಆದರೆ ಭಾರವನ್ನು ಬಿಡಬೇಡಿ. 2007ರಲ್ಲಿ ಕೆನಡಾದಲ್ಲಿ ಶುಗರ್ ಇರುವವರನ್ನೇ ಹಿಡಿದು ನೋಡಿದ್ದಾರೆ. ಬರೀ ಏರೋಬಿಕ್ (ನಡಿಗೆ, ಸೈಕಲ್‌ನಂಥ ವ್ಯಾಯಾಮ) ಮಾಡಿದವರಿಗೂ ಬರೀ ಭಾರ ಎತ್ತಿದವರಿಗೂ ಮೂರು ತಿಂಗಳ ಸರಾಸರಿ ಶುಗರ್ ಇಳಿಯಿತು, ಎರಡನ್ನೂ ಮಾಡಿದವರಿಗೆ ಇನ್ನೂ ಜಾಸ್ತಿ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಭಾರ ಅಂದರೆ ಗೊಬ್ಬರದ ಮೂಟೆ ಅಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ನಿಧಾನಕ್ಕೆ, ಕೊನೆಯ ಎರಡು ಸಲ ಕಷ್ಟ ಅನ್ನಿಸುವಷ್ಟು. ಸುಲಭವಾದ ಮೇಲೆ ಎದೆಗೆ ಒಂದು ಐದು ಲೀಟರ್ ನೀರಿನ ಕ್ಯಾನ್ ಹಿಡಿದು ಅದನ್ನೇ ಮಾಡುವುದು. ಉಸಿರು ಬಿಗಿ ಹಿಡಿಯಬಾರದು. ಮಾತ್ರೆಯಲ್ಲಿ ಗ್ಲಿಮಿಪಿರೈಡ್ ಇದೆಯಾ ನೋಡಿ. ಇದ್ದರೆ ಖಾಲಿ ಹೊಟ್ಟೆಯಲ್ಲಿ ಜೋರು ವ್ಯಾಯಾಮ ಬೇಡ, ಶುಗರ್ ದಿಢೀರ್ ಇಳಿಯಬಹುದು. ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ.

ಕಾಫಿಕಣ (ಸುಂಟಿಕೊಪ್ಪ)

ಇದೆ ಅಕ್ಕ, ಚೀಟಿಯಲ್ಲಿ ಅದೇ ಹೆಸರು. ನಾಳೆ ಡಾಕ್ಟರಿಗೂ ಒಂದು ಮಾತು ಕೇಳುತ್ತೇನೆ.

ಉಂಬಳ

ಅಂತೂ ಕೊನೆಗೆ ಪುಡಿ ಜೇಬಿಗೆ ಬಂತು.